ಹಾಡು ಮುಗಿದ ಮೇಲೆ ಮೈಕು ಹಿಡಿದು ನಿಂತವರು

ಹೊನ್ನಾವರದ ಒಂದು ಮನೆ, ಶನಿವಾರದ ಸಂಜೆ. ಜಪಮಾಲೆ ಮುಗಿದಿತ್ತು, ಊಟಕ್ಕೆ ಇನ್ನೂ ಸಮಯವಿತ್ತು. ಮನೆಮಂದಿಯೆಲ್ಲ ಟಿ.ವಿ.ಯ ಮುಂದೆ ಕುಳಿತು ಹಾಡಿನ ಸ್ಪರ್ಧೆಯೊಂದನ್ನು ನೋಡುತ್ತಿದ್ದರು. ಅತಿಥಿಯಾಗಿ ಹೋಗಿದ್ದ ನಾನೂ ಕುರ್ಚಿ ಎಳೆದುಕೊಂಡು ಅವರ ನಡುವೆ ಕುಳಿತೆ. ತೆರೆಯ ಮೇಲೆ ಹತ್ತು ಹನ್ನೊಂದು ವರ್ಷದ ಬಾಲಕಿಯೊಬ್ಬಳು ಹಳೆಯ ಚಿತ್ರಗೀತೆಯೊಂದನ್ನು ಹಾಡಿ ಮುಗಿಸಿದಳು. ಚಪ್ಪಾಳೆ ಬಿತ್ತು. ಆಮೇಲೆ ನಿರೂಪಕರು ತೀರ್ಪುಗಾರರೊಬ್ಬರತ್ತ ತಿರುಗಿ ಅವರ ಉಡುಪಿನ ಕುರಿತು ಏನೋ ಒಂದು ಚುಚ್ಚುಮಾತು ಆಡಿದರು. ತೀರ್ಪುಗಾರರು ಸುಮ್ಮನಿರಲಿಲ್ಲ, ನಿರೂಪಕರ ಕೇಶಾಲಂಕಾರವನ್ನು ಹಿಡಿದರು. ಪಕ್ಕದಲ್ಲಿದ್ದ ಇನ್ನೊಬ್ಬ ತೀರ್ಪುಗಾರರು ಈ ಜಗಳಕ್ಕೆ ತುಪ್ಪ ಸುರಿದರು. ವಾದ್ಯಗಾರರು ನಡುನಡುವೆ ಒಂದೊಂದು ಪೆಟ್ಟು ಹಾಕಿ ನಗುವನ್ನು ಹೆಚ್ಚಿಸಿದರು. ಮನೆಯವರೂ ನಕ್ಕರು, ನಾನೂ ನಕ್ಕೆ.

ಮೂಲೆಯಲ್ಲಿ ಕುಳಿತಿದ್ದ ಆ ಮನೆಯ ಅಜ್ಜಿಗೆ ಕಿವಿ ಸ್ವಲ್ಪ ಮಂದ. ಮಾತು ಕೇಳಿಸದಿದ್ದುದರಿಂದಲೋ ಏನೋ, ಅವರ ಕಣ್ಣು ಬೇರೆಡೆ ಇತ್ತು. "ಆ ಮಗು ಇನ್ನೂ ಯಾಕೆ ನಿಂತಿದೆ? ಅದಕ್ಕೆ ಮಾರ್ಕು ಕೊಡಲಿಲ್ಲವಾ?" ಎಂದು ಕೊಂಕಣಿಯಲ್ಲಿ ಕೇಳಿದರು. ಆಗ ನಾನು ಬಾಲಕಿಯನ್ನು ನೋಡಿದೆ. ಎರಡೂ ಕೈಯಲ್ಲಿ ಮೈಕು ಹಿಡಿದು, ದೊಡ್ಡವರು ನಕ್ಕಾಗ ತಾನೂ ನಗಬೇಕೋ ಬಾರದೋ ಎಂದು ತಿಳಿಯದೆ, ಅರ್ಧ ನಗು ಮುಖದ ಮೇಲಿಟ್ಟುಕೊಂಡು ಅವಳು ನಿಂತಿದ್ದಳು. ಅಲ್ಲಿಯವರೆಗೆ ಆ ಮನೆಯಲ್ಲಿ ಅವಳನ್ನು ನೋಡುತ್ತಿದ್ದವರು ಕಿವಿ ಕೇಳಿಸದ ಆ ಅಜ್ಜಿ ಒಬ್ಬರೇ.

ಪ್ರಿಯ ಓದುಗರೇ, ಈ ಲೇಖನ ಆ ಅಜ್ಜಿಯ ಪ್ರಶ್ನೆಯಿಂದ ಹುಟ್ಟಿದ್ದು. ಕಿರುತೆರೆಯ ಪ್ರತಿಭಾ ಸ್ಪರ್ಧೆಗಳಲ್ಲಿ ನಿರೂಪಕರಿಗೂ ತೀರ್ಪುಗಾರರಿಗೂ ನಡುವೆ ನಡೆಯುವ ಹುಸಿಜಗಳವನ್ನು ನಾವೆಲ್ಲ ಬಲ್ಲೆವು. ಭಟ್ಕಳದಿಂದ ಕುಮಟೆಯವರೆಗೆ ಮನೆಮನೆಯಲ್ಲೂ ಅದರ ಮಾತುಗಳನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಅದನ್ನು ಅಸಭ್ಯವೆಂದು ತಳ್ಳಿಹಾಕುವ ಉದ್ದೇಶ ನನಗಿಲ್ಲ; ಬಹುಪಾಲು ಅದು ಅಸಭ್ಯವೂ ಅಲ್ಲ. ಅದೊಂದು ಕಲೆ. ಕಲೆಯಾದ್ದರಿಂದಲೇ ಅದು ಏನು ಮಾಡುತ್ತದೆ, ಯಾರಿಗಾಗಿ ಮಾಡುತ್ತದೆ ಎಂದು ಕೇಳುವುದು ತಪ್ಪಾಗಲಾರದು.

ಕನ್ನಡದಲ್ಲಿ ಈ ಕಲೆಯನ್ನು ಬಹಳ ಎತ್ತರಕ್ಕೆ ಒಯ್ದವರು ನಿರೂಪಕಿ ಅನುಶ್ರೀ. 2006ರಲ್ಲಿ ಆರಂಭವಾದ ಜೀ ಕನ್ನಡ ವಾಹಿನಿಯ 'ಸರಿಗಮಪ' ವೇದಿಕೆಯಲ್ಲಿ ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಅವರೊಡನೆ ಆಕೆ ನಡೆಸುತ್ತಿದ್ದ ಕಾಲೆಳೆಯುವ ಆಟ ಕಾರ್ಯಕ್ರಮದ ಒಂದು ಅಂಗವೇ ಆಗಿಬಿಟ್ಟಿತು. 'ಕೆಂಪೇಗೌಡ', 'ವಿಕ್ಟರಿ', 'ಭಜರಂಗಿ' ಮೊದಲಾದ ಚಿತ್ರಗಳಿಗೆ ಸಂಗೀತ ಕೊಟ್ಟ ಅರ್ಜುನ್ ಜನ್ಯ ಅವರದು ಸೌಮ್ಯ ಮುಖ, ಮೆಲುದನಿ. ಆಕೆಯದು ಚುರುಕು ನಾಲಿಗೆ, ಮಂಗಳೂರಿನ ಕಡೆಯ ಮಾತಿನ ಓಟ. ಚುರುಕು ನಾಲಿಗೆಗೆ ಎದುರಾಳಿಯಾಗಿ ಇನ್ನೊಂದು ಚುರುಕು ನಾಲಿಗೆಯನ್ನಿಟ್ಟರೆ ಅದು ಸಂತೆಯಾಗುತ್ತದೆ. ಮುಗುಳ್ನಗುವ ಮನುಷ್ಯನನ್ನಿಟ್ಟರೆ ಆಟವಾಗುತ್ತದೆ. ಈ ಜೋಡಿಯ ಯಶಸ್ಸಿನ ಗುಟ್ಟು ಅದೇ ಇರಬೇಕು. ಇಬ್ಬರ ನಡುವೆ ವೈರವಿಲ್ಲವೆಂದು ನೋಡುವವರಿಗೆ ಗೊತ್ತು. ಗೊತ್ತಿರುವುದರಿಂದಲೇ ನಗು ನಿಶ್ಚಿಂತೆಯಾಗಿ ಬರುತ್ತದೆ. 'ಡಾನ್ಸ್ ಕರ್ನಾಟಕ ಡಾನ್ಸ್' ಕಾರ್ಯಕ್ರಮದಲ್ಲೂ ಆಕೆಯೇ ನಿರೂಪಕಿ, ಅವರೇ ತೀರ್ಪುಗಾರರಲ್ಲಿ ಒಬ್ಬರು. ಹಾಡಿನಿಂದ ಕುಣಿತಕ್ಕೆ ವೇದಿಕೆ ಬದಲಾದರೂ ಜಗಳ ಮಾತ್ರ ಜೊತೆಗೇ ಬಂತು. ಅಂದರೆ ಆ ಜಗಳ ಸಂಗೀತದ ಭಾಗವಾಗಿರಲಿಲ್ಲ, ಅದಕ್ಕೆ ತನ್ನದೇ ಪ್ರೇಕ್ಷಕರಿದ್ದರು.

ಈ ಆಟ ಎಲ್ಲಿಂದ ಬಂತು ಎಂದು ನೋಡಿದರೆ ಒಂದು ಸ್ವಾರಸ್ಯವಿದೆ. ನಮ್ಮ ದೇಶದಲ್ಲಿ ಜೀ ಟಿ.ವಿ. 1995ರಲ್ಲಿ ಹಿಂದಿಯ 'ಸಾರೆಗಾಮಾ'ವನ್ನು ಆರಂಭಿಸಿದಾಗ ನಿರೂಪಕರಾಗಿದ್ದವರು ಯುವ ಗಾಯಕ ಸೋನು ನಿಗಮ್. ಅಲ್ಲಿ ಹಿರಿಯ ಸಂಗೀತಗಾರರೆಂದರೆ ಗುರುಸ್ಥಾನದವರು. ನಿರೂಪಕರು ಅವರ ಮುಂದೆ ಕೈಜೋಡಿಸಿ ನಿಲ್ಲುತ್ತಿದ್ದರು. ಜಗಳದ ಪ್ರಶ್ನೆಯೇ ಇರಲಿಲ್ಲ. ಜಗಳ ಬಂದದ್ದು ಸಮುದ್ರದಾಚೆಯಿಂದ. 2001ರಲ್ಲಿ ಬ್ರಿಟನ್ನಿನ 'ಪಾಪ್ ಐಡಲ್', 2002ರಲ್ಲಿ ಅಮೆರಿಕದ 'ಅಮೆರಿಕನ್ ಐಡಲ್' ಆರಂಭವಾದವು. ಎರಡರಲ್ಲೂ ಸೈಮನ್ ಕೋವೆಲ್ ಎಂಬ ಕಟುಭಾಷಿ ತೀರ್ಪುಗಾರ. ಹಾಡು ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳುವುದು ಆತನ ರೀತಿ. ಅಮೆರಿಕದ ವೇದಿಕೆಯಲ್ಲಿ ಆತನಿಗೆ ಎದುರಾಗಿ ನಿಂತವನು ನಿರೂಪಕ ರಯನ್ ಸೀಕ್ರೆಸ್ಟ್. ತೀರ್ಪು ಕೇಳಿ ಸ್ಪರ್ಧಿಯ ಮುಖ ಬಾಡಿದಾಗ ಈ ನಿರೂಪಕ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದ, ತೀರ್ಪುಗಾರನ ಅಂಗಿಯನ್ನೋ ಗತ್ತನ್ನೋ ಹಂಗಿಸುತ್ತಿದ್ದ. ಸಭೆ ನಗುತ್ತಿತ್ತು. ಅಷ್ಟರಲ್ಲಿ ಸ್ಪರ್ಧಿಗೆ ಕಣ್ಣೊರೆಸಿಕೊಳ್ಳಲು ಸಮಯ ಸಿಗುತ್ತಿತ್ತು. 2010ರಲ್ಲಿ ಕೋವೆಲ್ ಆ ಕಾರ್ಯಕ್ರಮವನ್ನು ಬಿಡುವವರೆಗೂ ಈ ಹುಸಿಕಾಳಗ ನಡೆಯಿತು. ಕೊನೆಕೊನೆಗೆ ಅದೂ ಹದ ತಪ್ಪಿ ಬೇಸರ ತರಿಸಿದ್ದುಂಟು. ಆದರೆ ಅದರ ಹುಟ್ಟಿಗೆ ಒಂದು ಕಾರಣವಿತ್ತು: ಏಟು ಬೀಳುವ ಕಡೆ ಯಾರೋ ಒಬ್ಬರು ಕೊಡೆ ಹಿಡಿಯಬೇಕಾಗಿತ್ತು.

2004ರಲ್ಲಿ 'ಇಂಡಿಯನ್ ಐಡಲ್' ಬಂದಾಗ ಕಟುಮಾತಿನ ತೀರ್ಪು ನಮ್ಮ ದೇಶಕ್ಕೂ ಬಂತು. ಅದರ ಪರಿಣಾಮ ಯಾವಾಗಲೂ ವಿನೋದವಾಗಿರಲಿಲ್ಲ. 2008ರಲ್ಲಿ ಬಂಗಾಳಿ ವಾಹಿನಿಯೊಂದರ ಸ್ಪರ್ಧೆಯಲ್ಲಿ ತೀರ್ಪುಗಾರರ ಟೀಕೆ ಕೇಳಿದ ನಂತರ ಹದಿಹರೆಯದ ಬಾಲಕಿಯೊಬ್ಬಳು ಮಾತು ಕಳೆದುಕೊಂಡು ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಚಿಕಿತ್ಸೆಗೆ ಬಂದ ಸುದ್ದಿಯನ್ನು ನಮ್ಮಲ್ಲಿ ಹಲವರು ಆಗ ಪತ್ರಿಕೆಗಳಲ್ಲಿ ಓದಿದ್ದೇವೆ. ಆಗ ನನಗೆ ಅನಿಸಿದ್ದು ಇಷ್ಟೇ: ಆ ಮಗುವಿನ ಪಕ್ಕದಲ್ಲಿ ಒಬ್ಬ ಒಳ್ಳೆಯ ನಿರೂಪಕ ನಿಂತು, ಆ ಗಳಿಗೆಯಲ್ಲಿ ತೀರ್ಪುಗಾರರನ್ನೇ ಕಾಲೆಳೆದಿದ್ದರೆ!

ಆದುದರಿಂದ ಹುಸಿಜಗಳವನ್ನು ಹಗುರವಾಗಿ ಕಾಣಬಾರದು. ಅದು ಅಳೆಯುವವನನ್ನು ಸ್ವಲ್ಪ ಕೆಳಗಿಳಿಸಿ, ಅಳೆಯಲ್ಪಡುವವನನ್ನು ಸ್ವಲ್ಪ ಮೇಲೆತ್ತಬಲ್ಲದು.

ನನ್ನ ತಕರಾರು ಇಲ್ಲಿಂದ ಆರಂಭವಾಗುತ್ತದೆ. ಕನ್ನಡದ ವೇದಿಕೆಗಳಲ್ಲಿ ಕಟುಭಾಷಿ ತೀರ್ಪುಗಾರರು ಎಲ್ಲಿದ್ದಾರೆ? ರಾಜೇಶ್ ಕೃಷ್ಣನ್, ವಿಜಯ ಪ್ರಕಾಶ್, ಅರ್ಜುನ್ ಜನ್ಯ, ಮಹಾಗುರುವಿನ ಪೀಠದಲ್ಲಿ ಕುಳಿತಿದ್ದ ಹಂಸಲೇಖ, ಇವರೆಲ್ಲರೂ ವೇದಿಕೆಯ ಮೇಲೆ ಮೃದುಭಾಷಿಗಳೇ. ವಿಜಯ ಪ್ರಕಾಶ್ ಅವರಂತೂ ಹಿಂದೆ ಹಿಂದಿಯ 'ಸಾರೆಗಾಮಾ'ದಲ್ಲಿ ಸ್ವತಃ ಸ್ಪರ್ಧಿಯಾಗಿ ನಿಂತವರು. ಆ ಜಾಗದ ಕಾಲುನಡುಕವನ್ನು ಬಲ್ಲವರು. ಇಂಥವರ ಮುಂದೆ ಹಾಡಿದ ಹೆಚ್ಚುಪಾಲು ಮಕ್ಕಳಿಗೆ ಸಿಗುವುದು ಹೊಗಳಿಕೆ, ಮತ್ತೂ ಹೊಗಳಿಕೆ. ಏಟೇ ಬೀಳದ ಕಡೆ ಕೊಡೆಯ ಕೆಲಸವೇನು? ಪಾಯಸಕ್ಕೆ ಬೆಲ್ಲ ಹಾಕಿಯಾದ ಮೇಲೆ ಮೇಲಿಂದ ಸಕ್ಕರೆ ಉದುರಿಸಿದಂತೆ, ಹೊಗಳಿಕೆಯ ಮೇಲೆ ಹಾಸ್ಯ ಬಂದು ಬೀಳುತ್ತದೆ. ಯಾರನ್ನೂ ಕಾಯಬೇಕಾಗಿಲ್ಲದ್ದರಿಂದ ಅದು ತನ್ನಷ್ಟಕ್ಕೇ ಬೆಳೆಯುತ್ತದೆ, ಬೆಳೆದು ಹಾಡಿಗಿಂತ ಉದ್ದವಾಗುತ್ತದೆ. ವಾಹಿನಿಗಳು ಮುಂದಿನ ವಾರದ ಸಂಚಿಕೆಗೆ ಜನರನ್ನು ಕರೆಯುವಾಗ ಹಾಡಿನ ತುಣುಕಿನ ಬದಲು ಈ ಜಗಳದ ತುಣುಕನ್ನೇ ತೋರಿಸುವುದು ಎಷ್ಟೋ ಬಾರಿ. ಈಗ ಅದೇ ತುಣುಕುಗಳು ಮೊಬೈಲಿನಲ್ಲಿ ಓಡಾಡುತ್ತವೆ. ಹಾಡಿದವರು ಯಾರೆಂದು ತಿಳಿಯದ ಹುಡುಗರು ಯಾರು ಯಾರನ್ನು ಏನೆಂದು ಹಂಗಿಸಿದರೆಂದು ಚಾಚೂ ತಪ್ಪದೆ ಹೇಳುತ್ತಾರೆ.

ಇಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ನೆನಪಾಗುತ್ತದೆ. ತೆಲುಗಿನಲ್ಲಿ 1996ರಿಂದ 'ಪಾಡುತಾ ತೀಯಗಾ' ನಡೆಸಿದ ಅವರು ಈಟಿವಿ ಕನ್ನಡದಲ್ಲಿ 'ಎದೆ ತುಂಬಿ ಹಾಡುವೆನು' ನಡೆಸಿಕೊಟ್ಟದ್ದನ್ನು ಆ ಕಾಲದ ಕುಟುಂಬಗಳು ಮರೆತಿಲ್ಲ. ಅವರೇ ನಿರೂಪಕ, ಅವರೇ ತೀರ್ಪು ಹೇಳುವ ಗುರು. ಅತಿಥಿಗಳು ಬಂದರೂ ವೇದಿಕೆಯ ಯಜಮಾನಿಕೆ ಅವರದೇ. ಒಬ್ಬನೇ ಮನುಷ್ಯ ಎರಡೂ ಪಾತ್ರ ವಹಿಸಿದಾಗ ಜಗಳಕ್ಕೆ ಎರಡನೆಯವರು ಬೇಕಲ್ಲ? ಅವರು ತಮ್ಮನ್ನು ತಾವೇ ಹಂಗಿಸಿಕೊಳ್ಳುತ್ತಿದ್ದರು, ತಮ್ಮ ದಪ್ಪ ದೇಹವನ್ನೂ ಹಳೆಯ ತಪ್ಪುಗಳನ್ನೂ ಹೇಳಿಕೊಂಡು ನಗುತ್ತಿದ್ದರು. ಆ ನಗುವಿನ ಮರೆಯಲ್ಲೇ, ಈ ಪದದಲ್ಲಿ ಅಲ್ಪಪ್ರಾಣ ಮಹಾಪ್ರಾಣವಾಯಿತು, ಇಲ್ಲಿ ಉಸಿರು ತಪ್ಪಿತು ಎಂದು ಮಗುವಿಗೆ ತಿದ್ದಿ ಹೇಳುತ್ತಿದ್ದರು. ತಪ್ಪನ್ನು ಹೇಳುತ್ತಿದ್ದರು ಎಂಬುದನ್ನು ಗಮನಿಸಬೇಕು. ನಗುವಿದ್ದರೂ ತೀರ್ಪು ಕಳೆದುಹೋಗುತ್ತಿರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಮರುವರ್ಷ ಅದೇ ಹೆಸರಿನ ಕಾರ್ಯಕ್ರಮ ಕಲರ್ಸ್ ಕನ್ನಡದಲ್ಲಿ ಬೇರೆ ತೀರ್ಪುಗಾರರೊಂದಿಗೆ ಮರಳಿ ಬಂತು, ನೋಡಿದೆ, ಚೆನ್ನಾಗಿತ್ತು. ಆದರೂ ಎದೆ ತುಂಬಲಿಲ್ಲ ಎಂದರೆ ಅದು ನನ್ನ ವಯಸ್ಸಿನ ದೋಷವೂ ಇರಬಹುದು.

ನಮ್ಮ ಕರಾವಳಿಯವರಿಗೆ ಈ ಆಟ ಹೊಸದೂ ಅಲ್ಲ. ಟಿ.ವಿ. ಬರುವ ಎಷ್ಟೋ ಕಾಲ ಮೊದಲೇ ಭಟ್ಕಳ, ಹೊನ್ನಾವರ, ಕುಮಟೆಯ ಗದ್ದೆಬಯಲುಗಳಲ್ಲಿ ರಾತ್ರಿಯಿಡೀ ಇಂಥದೊಂದು ಹುಸಿಜಗಳ ನಡೆಯುತ್ತಿತ್ತು. ಯಕ್ಷಗಾನದ ಭಾಗವತರನ್ನು ನೆನಪಿಸಿಕೊಳ್ಳಿ. ರಂಗದ ಹಿಂಭಾಗದಲ್ಲಿ ತಾಳ ಹಿಡಿದು ಕುಳಿತ ಅವರೇ ಆಟದ ಸೂತ್ರಧಾರ. ಯಾವ ಪಾತ್ರ ಎಷ್ಟು ಕುಣಿಯಬೇಕು, ಯಾವ ಮಾತು ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವವರು ಅವರೇ. ಆ ಅರ್ಥದಲ್ಲಿ ತೀರ್ಪುಗಾರರೂ ಹೌದು. ಅವರಿಗೆ ಎದುರಾಗಿ ನಿಲ್ಲುವ ಧೈರ್ಯವಿರುವುದು ಹಾಸ್ಯಗಾರನಿಗೆ. ದೂತನಾಗಿಯೋ, ದಾಸಿಯಾಗಿಯೋ, ಪುರೋಹಿತನಾಗಿಯೋ ಬಂದು "ಭಾಗವತರೇ" ಎಂದು ಕರೆದು, ಅವರ ಹಾಡನ್ನು, ಮುಂಡಾಸನ್ನು, ನಿದ್ದೆಗಣ್ಣನ್ನು ಲೇವಡಿ ಮಾಡುತ್ತಾನೆ. ಭಾಗವತರು ಗಂಭೀರವಾಗಿ ಉತ್ತರ ಕೊಟ್ಟಷ್ಟೂ ನಗು ಹೆಚ್ಚು. ಹೊನ್ನಾವರದ ಸಮೀಪದ ಕರ್ಕಿಯಲ್ಲಿ ಈ ವಿದ್ಯೆ ಒಂದು ಮನೆತನದ ಹೆಸರೇ ಆಗಿದೆ. ಕರ್ಕಿಯ ಹಾಸ್ಯಗಾರ ಕುಟುಂಬದವರು ತಮ್ಮ ಹೆಸರಿನ ಜೊತೆಗೆ 'ಹಾಸ್ಯಗಾರ' ಎಂದೇ ಬರೆದುಕೊಳ್ಳುತ್ತಾರೆ, ಅವರ ಮೇಳವೂ ಅದೇ ಹೆಸರಿನಿಂದ ಪ್ರಸಿದ್ಧ. ಗುಣವಂತೆಯ ಕೆರೆಮನೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ, ಕಡತೋಕ ಮಂಜುನಾಥ ಭಾಗವತರ ಕಂಠ ಇವೆಲ್ಲ ಒಂದೇ ತಾಲೂಕಿನ ಸಂಪತ್ತು. ನಾವು ಕ್ರೈಸ್ತ ಮನೆಗಳ ಹುಡುಗರಾಗಿಯೂ ಚಾಪೆ ಹಿಡಿದುಕೊಂಡು ಹೋಗಿ ಆಟ ನೋಡಿದವರು. ಹಾಸ್ಯಗಾರ ಬಂದಾಗ ಎದ್ದು, ಅವನು ಹೋದಾಗ ಮತ್ತೆ ಮಲಗುತ್ತಿದ್ದುದನ್ನು ಒಪ್ಪಿಕೊಳ್ಳಲೇಬೇಕು.

ಆ ಹಾಸ್ಯಕ್ಕೂ ಸಮಯ ತುಂಬಿಸುವ ಕೆಲಸವಿತ್ತು. ಚೌಕಿಯಲ್ಲಿ ಮುಂದಿನ ವೇಷಕ್ಕೆ ಕಿರೀಟ ಕಟ್ಟಿ ಮುಗಿದಿರದಿದ್ದರೆ ಹಾಸ್ಯಗಾರ ಮಾತನ್ನು ಎಳೆಯಬೇಕಾಗಿತ್ತು. ಕಿರುತೆರೆಯವರೂ ಇದನ್ನೇ ಹೇಳಬಹುದು: ಮುಂದಿನ ಹಾಡಿಗೆ ವಾದ್ಯ ಶ್ರುತಿ ಮಾಡಬೇಕು, ರಂಗಸಜ್ಜಿಕೆ ಬದಲಾಗಬೇಕು, ಅಷ್ಟರವರೆಗೆ ಯಾರಾದರೂ ಮಾತನಾಡಬೇಕಲ್ಲ? ಒಪ್ಪೋಣ. ಆದರೆ ಎರಡಕ್ಕೂ ಒಂದು ವ್ಯತ್ಯಾಸ ಇದೆ. ಹಾಸ್ಯಗಾರ ಭಾಗವತರೊಂದಿಗೆ ಜಗಳವಾಡುವಾಗ ರಂಗದ ನಡುವೆ ಕುಣಿದು ಬೆವೆತ ಅಭಿಮನ್ಯುವನ್ನು ನಿಲ್ಲಿಸಿಕೊಂಡಿರುವುದಿಲ್ಲ. ಅಭಿಮನ್ಯು ಒಳಗೆ ಹೋಗಿರುತ್ತಾನೆ, ನೀರು ಕುಡಿಯುತ್ತಿರುತ್ತಾನೆ. ರಂಗ ಹಾಸ್ಯಕ್ಕಾಗಿ ತೆರವಾಗಿರುತ್ತದೆ. ಹಾಸ್ಯಗಾರನಿಗೆ ಎಷ್ಟೇ ಸಲಿಗೆಯಿರಲಿ, ಭಾಗವತರು ತಾಳ ತಟ್ಟಿ ಪದ ಎತ್ತಿದರೆ ಮಾತು ಅಲ್ಲಿಗೆ ಮುಗಿಯಿತು. ಪದಕ್ಕಿಂತ ಮಾತು ದೊಡ್ಡದಲ್ಲ ಎಂಬುದು ಇಬ್ಬರಿಗೂ ತಿಳಿದಿರುತ್ತದೆ.

ಟಿ.ವಿ. ಸ್ಟುಡಿಯೋದಲ್ಲಿ ತಾಳ ತಟ್ಟುವವರು ಯಾರು? ತೀರ್ಪುಗಾರರೇ ಜಗಳದಲ್ಲಿ ಪಾಲುದಾರರು. ಉಳಿದದ್ದು ಜಾಹೀರಾತಿನ ಬಿಡುವು. ಅದು ಬಂದಾಗ ಮಾತ್ರ ಎಲ್ಲರೂ ನಿಲ್ಲಿಸುತ್ತಾರೆ.

ಎಲ್ಲ ಕಾರ್ಯಕ್ರಮಗಳನ್ನೂ ಒಂದೇ ಮಾನದಲ್ಲಿ ಅಳೆಯುವುದು ನ್ಯಾಯವಲ್ಲ. 2016ರಲ್ಲಿ ಆರಂಭವಾದ 'ಕಾಮಿಡಿ ಕಿಲಾಡಿಗಳು' ಕಾರ್ಯಕ್ರಮದಲ್ಲಿ ನಿರೂಪಕ ಮಾಸ್ಟರ್ ಆನಂದ್ ಅವರಿಗೂ ತೀರ್ಪುಗಾರರಾದ ಜಗ್ಗೇಶ್, ಯೋಗರಾಜ ಭಟ್, ರಕ್ಷಿತಾ ಅವರಿಗೂ ನಡೆಯುತ್ತಿದ್ದ ಮಾತಿನ ಚಕಮಕಿ ನನಗೆ ಅಷ್ಟಾಗಿ ಅಡ್ಡಿಯೆನಿಸಲಿಲ್ಲ. ನಗಿಸುವುದೇ ಸ್ಪರ್ಧೆಯಾದ ಕಡೆ ತೀರ್ಪು ಹೇಳುವವರು ನಕ್ಕು ನಗಿಸಿದರೆ ಅದು ಊಟಕ್ಕೆ ಹೊಂದುವ ಉಪ್ಪಿನಕಾಯಿ. ಸ್ಪರ್ಧಿಗಳೂ ಬಾಯಿ ಬಲ್ಲವರು. ಸಂದು ಸಿಕ್ಕರೆ ತಾವೂ ಒಂದು ಮಾತು ಎಸೆಯಬಲ್ಲರು. ಹಾಡುವವರ, ಅದರಲ್ಲೂ ಮಕ್ಕಳ ಸ್ಥಿತಿ ಹಾಗಲ್ಲ. ಹಾಡುವಷ್ಟು ಹೊತ್ತು ಅವರು ಆ ವೇದಿಕೆಯ ಒಡೆಯರು, ಹಾಡು ಮುಗಿದ ಕ್ಷಣದಿಂದ ಕೈಕಾಲು ಎಲ್ಲಿಡಬೇಕೆಂದು ತಿಳಿಯದ ಮಕ್ಕಳು. ಮಕ್ಕಳನ್ನು ವಯಸ್ಸಿಗೆ ತಕ್ಕುದಲ್ಲದ ರೀತಿಯಲ್ಲಿ ಕುಣಿಸಬೇಡಿ ಎಂದು 2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ವಾಹಿನಿಗಳಿಗೆ ಸಲಹೆ ನೀಡಿತು. ಅದು ದೊಡ್ಡ ವಿಷಯ. ನನ್ನದು ಅದಕ್ಕಿಂತ ಸಣ್ಣದು: ಕುಣಿಯದೆ, ಹಾಡದೆ, ಸುಮ್ಮನೆ ನಿಂತಿರುವ ಮಗುವಿನ ವಿಷಯ.

ಈ ಆಟ ಚೆನ್ನಾಗಿ ನಡೆದದ್ದಕ್ಕೂ ಒಂದು ನಿದರ್ಶನ ಕೊಡದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಕುರಿ ಕಾಯುವ ಹುಡುಗ ಹನುಮಂತ 'ಸರಿಗಮಪ'ದ ಹದಿನೈದನೆಯ ಆವೃತ್ತಿಗೆ ಬಂದದ್ದು ಓದುಗರಿಗೆ ನೆನಪಿದ್ದೀತು. ಲುಂಗಿ ಉಟ್ಟು ವೇದಿಕೆಗೆ ಬಂದ ಅವನ ಉತ್ತರ ಕರ್ನಾಟಕದ ಮಾತು ಬೆಂಗಳೂರಿನ ಸ್ಟುಡಿಯೋಗೆ ಹೊಸದು. ಅವನನ್ನು ನಗೆಯ ವಸ್ತುವಾಗಿಸುವುದು ಬಹಳ ಸುಲಭವಾಗಿತ್ತು. ಕೆಲವೊಮ್ಮೆ ಅಂಚಿನವರೆಗೂ ಹೋದರೆನಿಸಿತು. ಆದರೆ ನಿರೂಪಕಿಗೂ ತೀರ್ಪುಗಾರರಿಗೂ ಜಗಳ ಹತ್ತಿದಾಗ ಅವನನ್ನು ಬದಿಗೆ ನಿಲ್ಲಿಸಲಿಲ್ಲ. ನೀನು ಏನು ಹೇಳುತ್ತೀ ಎಂದು ಅವನನ್ನೇ ಕೇಳಿದರು. ಅವನು ಒಂದೆರಡು ಮಾತಿನಲ್ಲಿ, ಮುಖದಲ್ಲಿ ಏನೂ ತೋರಿಸದೆ, ಉತ್ತರ ಕೊಡುತ್ತಿದ್ದ. ಅಲ್ಲಿಗೆ ಗೆದ್ದವನು ಅವನೇ. ಎರಡು ಕೋಲಿನ ಆಟಕ್ಕೆ ಮೂರನೆಯ ಕೋಲು ಸೇರಿದಂತೆ ಆಯಿತು. 2019ರಲ್ಲಿ ಅವನು ಆ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದ, 2025ರ ಜನವರಿಯಲ್ಲಿ 'ಬಿಗ್ ಬಾಸ್'ನ ಹನ್ನೊಂದನೆಯ ಆವೃತ್ತಿಯನ್ನೇ ಗೆದ್ದ. ಹಾಡು ಅವನನ್ನು ವೇದಿಕೆಗೆ ತಂದಿತು, ನಿಜ. ಆದರೆ ಮಾತಿಗೆ ಮಾತು ಕೊಡಲು ಅವನಿಗೆ ಸಿಕ್ಕ ಅವಕಾಶವೂ ಸಣ್ಣದಾಗಿರಲಿಲ್ಲ.

ಇನ್ನೊಂದು ಮಾತನ್ನು ಬಿಟ್ಟುಬಿಡೋಣವೇ ಎಂದು ಯೋಚಿಸಿದೆ, ಬಿಡುವುದು ಸರಿಯಲ್ಲವೆನಿಸಿತು. ಅನುಶ್ರೀಯವರನ್ನು ವೇದಿಕೆಯ ಮೇಲೆ ಕೆಣಕಬೇಕಾದಾಗಲೆಲ್ಲ ತೀರ್ಪುಗಾರರಿಗೂ ಅತಿಥಿಗಳಿಗೂ ಸುಲಭವಾಗಿ ಕೈಗೆ ಸಿಗುತ್ತಿದ್ದ ಆಯುಧವೆಂದರೆ "ಮದುವೆ ಯಾವಾಗ?" ಎಂಬ ಪ್ರಶ್ನೆ. ವರ್ಷಾನುಗಟ್ಟಲೆ ಅದು ಹಾಸ್ಯದ ಸರಕಾಗಿತ್ತು. ಆಕೆ ಪ್ರತಿ ಬಾರಿಯೂ ನಕ್ಕು, ಎದುರು ಮಾತು ಹೂಡಿ, ಸಭೆಯನ್ನು ಗೆದ್ದರು. 2025ರ ಆಗಸ್ಟ್‌ನಲ್ಲಿ ಆಕೆಯ ವಿವಾಹವೂ ನೆರವೇರಿತು, ಶುಭವಾಗಲಿ. ಆದರೆ ಒಂದನ್ನು ಗಮನಿಸಿ: ಆಕೆ ತೀರ್ಪುಗಾರರನ್ನು ಹಂಗಿಸುತ್ತಿದ್ದದ್ದು ಬಹುಮಟ್ಟಿಗೆ ಅವರ ಮಾತು, ಉಡುಪು, ಗತ್ತುಗಳ ಬಗ್ಗೆ, ಆಕೆಗೆ ಮರಳಿ ಬರುತ್ತಿದ್ದದ್ದು ಬದುಕಿನ ಬಗ್ಗೆ. ಆಟದ ಎರಡು ಕಡೆಯ ತೂಕ ಸಮನಾಗಿರಲಿಲ್ಲ. ನಮ್ಮ ರೋಸ್ ಮನೆಗಳಲ್ಲಿ, ಹಬ್ಬದ ಊಟಗಳಲ್ಲಿ ಮೂವತ್ತು ದಾಟಿದ ನರ್ಸ್ ಹುಡುಗಿಗೂ ಟೀಚರ್ ಹುಡುಗಿಗೂ ಇದೇ ಪ್ರಶ್ನೆಯನ್ನು ಇದೇ ನಗುವಿನಲ್ಲಿ ಕೇಳುವವರಿದ್ದಾರೆ. ಅವರ ಕೈಯಲ್ಲಿ ಮೈಕಿರುವುದಿಲ್ಲ, ಎದುರು ಮಾತು ಹೂಡುವ ಸ್ವಾತಂತ್ರ್ಯವೂ ಇರುವುದಿಲ್ಲ. ಟಿ.ವಿ.ಯಲ್ಲೇ ಕೇಳುತ್ತಾರಲ್ಲ ಎಂಬ ಧೈರ್ಯ ಮಾತ್ರ ಕೇಳುವವರಿಗಿರುತ್ತದೆ. ಆ ಹುಡುಗಿಯರು ಒಂದೊಂದಾಗಿ ಹಬ್ಬಗಳಿಗೆ ಬರುವುದನ್ನೇ ಬಿಟ್ಟರೆ ಅದು ಯಾರ ಲೆಕ್ಕಕ್ಕೆ?

ಇಷ್ಟೆಲ್ಲ ಬರೆದ ಮೇಲೆ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕುಮಟೆಯ ಕಡೆಯ ಒಂದು ಊರಿನಲ್ಲಿ ಮಕ್ಕಳ ಗಾಯನ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಸೆಮಿನರಿಯಲ್ಲಿ ಹಾರ್ಮೋನಿಯಂ ನುಡಿಸಿದ್ದೇನೆ ಎಂಬಷ್ಟೇ ನನ್ನ ಅರ್ಹತೆ. ನಿರೂಪಣೆಗೆ ನಿಂತವನು ಚುರುಕು ಬಾಯಿಯ ಒಬ್ಬ ಯುವಕ. ಎರಡನೆಯ ಸ್ಪರ್ಧಿಯ ನಂತರ ಅವನು ನನ್ನ ಬೋಳುತಲೆಯ ಮೇಲೆ ಒಂದು ಮಾತು ಬಿಟ್ಟ. ಸಭೆ ನಕ್ಕಿತು. ನಾನು ಸುಮ್ಮನಿರಬಹುದಿತ್ತು. ಆದರೆ ನನಗೂ ಮೈಕು ಕೊಟ್ಟಿದ್ದರಲ್ಲ? ಅವನ ಹೊಸ ಮೀಸೆಯ ಬಗ್ಗೆ ನಾನೊಂದು ಹೇಳಿದೆ. ಸಭೆ ಇನ್ನೂ ಹೆಚ್ಚು ನಕ್ಕಿತು. ಸಭೆಯ ನಗು ಎಂಥ ಮದ್ದೆಂಬುದು ವೇದಿಕೆಯ ಮೇಲೆ ಕುಳಿತವರಿಗೇ ಗೊತ್ತು. ಆಮೇಲೆ ಪ್ರತಿ ಹಾಡಿನ ನಂತರವೂ ಅವನೊಂದು, ನಾನೊಂದು. ಇಬ್ಬರೂ ಟಿ.ವಿ.ಯಿಂದ ಕಲಿತವರೇ, ಯಾವ ಮಾತಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಸಿಟ್ಟು ಬಂದಂತೆ ನಟಿಸಬೇಕು ಎಲ್ಲವೂ ತಿಳಿದಿತ್ತು.

ಏಳನೆಯವಳೋ ಎಂಟನೆಯವಳೋ, ಮೀನುಗಾರರ ಕೇರಿಯ ಹುಡುಗಿಯೊಬ್ಬಳು ಭಾವಗೀತೆಯೊಂದನ್ನು ಹಾಡಿದಳು. ಮೇಲಿನ ಸ್ಥಾಯಿಯಲ್ಲಿ ಒಮ್ಮೆ ದನಿ ಒಡೆಯಿತು. ಅವಳು ಕಣ್ಣು ಮುಚ್ಚಿ ಮತ್ತೆ ಅದೇ ಸಾಲನ್ನು ಹಿಡಿದು ಈ ಬಾರಿ ಮುಟ್ಟಿದಳು. ಅದು ಆ ದಿನದ ಅತ್ಯುತ್ತಮ ಕ್ಷಣ. ಅದನ್ನು ಹೇಳಬೇಕೆಂದು ಕಾಗದದ ಮೇಲೆ ಗುರುತು ಹಾಕಿಕೊಂಡಿದ್ದೆ. ಅಷ್ಟರಲ್ಲಿ ನಿರೂಪಕ ಏನೋ ಅಂದ, ನಾನೇನೋ ಅಂದೆ, ಅವನು ಮತ್ತೇನೋ ಅಂದ. ಎಷ್ಟು ಹೊತ್ತಾಯಿತೋ ಕಾಣೆ. ನಗು ಇಳಿದಾಗ ಮೈಕಿನಲ್ಲಿ ಒಂದು ಸಣ್ಣ ದನಿ ಕೇಳಿಸಿತು: "ನಾನು ಹೋಗ್ಲಾ?"

ಅದಕ್ಕೂ ಸಭೆ ನಕ್ಕಿತು. ಅವಳು ತಮಾಷೆ ಮಾಡಿದಳೆಂದೇ ಎಲ್ಲರೂ ತಿಳಿದರು. ಅವಳು ನಿಜವಾಗಿ ಕೇಳಿದ್ದಳು. ನಾನು "ಹೋಗಮ್ಮ" ಅಂದುಬಿಟ್ಟೆ. ಗುರುತು ಹಾಕಿಕೊಂಡಿದ್ದ ಮಾತು ಕಾಗದದ ಮೇಲೆಯೇ ಉಳಿಯಿತು. ಅಂಕಗಳನ್ನು ಕೂಡಿಸುವಾಗ ಅವಳಿಗೆ ಮೂರನೆಯ ಸ್ಥಾನ ಬಂತು. ಬಹುಮಾನ ಹಂಚುವ ಹೊತ್ತಿಗೆ ಕತ್ತಲಾಗುತ್ತದೆಂದು ತಾಯಿ ಅವಳನ್ನು ಕರೆದುಕೊಂಡು ಹೋಗಿಯಾಗಿತ್ತು. ಊಟದ ಸಮಯದಲ್ಲಿ ನಾಲ್ಕಾರು ಮಂದಿ ಬಂದು ನನ್ನ ಕೈಕುಲುಕಿ, ನೀವು ಟಿ.ವಿ.ಗೇ ಹೋಗಬೇಕಿತ್ತು ಎಂದರು. ಹಾಡಿನ ವಿಷಯ ಯಾರೂ ಎತ್ತಲಿಲ್ಲ. ಅಂದು ರಾತ್ರಿ ಬಸ್ಸಿನಲ್ಲಿ ಹೊನ್ನಾವರದ ಕಡೆಗೆ ಮರಳುವಾಗ ಕಿಸೆಯಲ್ಲಿದ್ದ ಆ ಕಾಗದವನ್ನು ತೆಗೆದು ನೋಡಿದೆ. 'ಒಡೆದ ದನಿಯನ್ನು ತಾನೇ ಸರಿಪಡಿಸಿಕೊಂಡಳು' ಎಂದು ನನ್ನದೇ ಕೈಬರಹ. ಅದನ್ನು ಓದಬೇಕಾಗಿದ್ದವಳು ಅವಳೊಬ್ಬಳೇ.

ಹೊನ್ನಾವರದ ಅಜ್ಜಿಯ ಪ್ರಶ್ನೆ ಅಂದು ಸಂಜೆ ನನಗೆ ಚುಚ್ಚಿದ್ದು ಈ ಕಾರಣಕ್ಕೆ. ಟಿ.ವಿ.ಯ ದೊಡ್ಡವರನ್ನು ಟೀಕಿಸುವುದು ಸುಲಭ. ಅವರ ಕೆಲಸದ ಒತ್ತಡ, ವಾಹಿನಿಯ ಬೇಡಿಕೆ, ಗಂಟೆಗಟ್ಟಲೆ ನಡೆಯುವ ಚಿತ್ರೀಕರಣ ಎಲ್ಲವೂ ಅವರ ಪರವಾಗಿ ವಾದಿಸುತ್ತವೆ. ಚಿತ್ರೀಕರಣದಲ್ಲಿ ಆ ಮಗುವಿನೊಂದಿಗೆ ಒಳ್ಳೆಯ ಮಾತನ್ನೂ ಆಡಿದ್ದು, ಸಂಕಲನದಲ್ಲಿ ಅದು ಕತ್ತರಿಸಿ ಹೋಗಿರಲೂಬಹುದು. ನನ್ನ ಪರವಾಗಿ ವಾದಿಸಲು ಅಂದು ಯಾವ ವಾಹಿನಿಯೂ ಇರಲಿಲ್ಲ, ಜಾಹೀರಾತುದಾರನೂ ಇರಲಿಲ್ಲ. ಒಂದು ಶಾಮಿಯಾನ, ಎರಡು ಮೈಕು, ನಗಲು ಸಿದ್ಧವಾಗಿದ್ದ ಇನ್ನೂರು ಮಂದಿ, ಅಷ್ಟೇ.

ಮರುವರ್ಷವೂ ಅದೇ ಊರಿನವರು ಕರೆದರು.

ಬರುತ್ತೇನೆ ಎಂದೆ, ವೇದಿಕೆಯ ಮೇಲೆ ಹಾಡುವವರಿಗಾಗಿ ಒಂದು ಕುರ್ಚಿ ಇಡಿಸಿ ಎಂದೂ ಹೇಳಿದೆ. ಆಯೋಜಕರಿಗೆ ಅರ್ಥವಾಗಲಿಲ್ಲ, ಆದರೂ ಇಡಿಸಿದರು. ನಿರೂಪಕ ಅದೇ ಯುವಕ, ಮೀಸೆ ಹೋಗಿತ್ತು. ಮೊದಲ ಹುಡುಗ ಹಾಡಿ ಮುಗಿಸಿದಾಗ, ಕುಳಿತುಕೋ ಮಗಾ ಎಂದೆ. ಅವನು ಕುರ್ಚಿಯನ್ನೂ ನನ್ನನ್ನೂ ನೋಡಿದ. ಕುಳಿತರೆ ಅಂಕ ಹೋದೀತೆಂದೋ ಏನೋ, ಕುರ್ಚಿಯ ಬೆನ್ನಿನ ಮೇಲೆ ಒಂದು ಕೈಯಿಟ್ಟು ನಿಂತೇ ಇದ್ದ. ನಿರೂಪಕ ನನ್ನ ಕಡೆ ತಿರುಗಿ ಬಾಯಿ ತೆರೆದವನು, ಆ ಕೈಯನ್ನು ನೋಡಿ ಸುಮ್ಮನಾದ. ನಾನು ಕಾಗದ ತೆಗೆದು, ಎರಡನೆಯ ಚರಣದಲ್ಲಿ ಅವನು ತಾಳ ಎಲ್ಲಿ ಬಿಟ್ಟನೆಂದು ಓದಿ ಹೇಳತೊಡಗಿದೆ. ಅವನು ಹೌದೆಂದು ತಲೆಯಾಡಿಸಿ, ಕುರ್ಚಿಯ ಮೇಲೆ ಬೆರಳಿನಿಂದ ಆ ತಾಳವನ್ನು ಹಾಕಿ ನೋಡಿದ.